ಶಿವನಿಗೆ ಹೂಕುಂಡ

“ನಾಲ್ಕನೇ ಕ್ಲಾಸು ದಾಟದವಳು ತುಂಗನಾಥಕ್ಕೆ ಹನ್ನೆರಡು ಜನರನ್ನು ಹತ್ತಿಸ್ತೀಯಾ?” ಎಂದು ನಕ್ಕವರು ನನ್ನ ಭಾವ. ಆ ಹನ್ನೆರಡೂ ಜನ ಜಾದವ್‌ಪುರದ ನನ್ನ ಮೆಸ್ಸಿನಲ್ಲಿ ಉಣ್ಣುವ ಕನ್ನಡಿಗರು. ತುಂಗನಾಥದ ಶಿವಾಲಯವಿರುವ ಬೆಟ್ಟದ ಬುಡದಲ್ಲಿ ಟೆಂಟ್ ಹಾಕಿ ಮಲಗುವ ಯಾತ್ರೆ ನನ್ನದೇ ಯೋಚನೆ. ಪುಸ್ತಕ ಓದಿಕೊಂಡು, ತಾರಸಿಯ ಮೇಲೆ ಟೆಂಟ್ ಕಟ್ಟಿ ಕಲಿತಿದ್ದೆ. ಆದರೂ ಅದು ಗಾಳಿಗೆ ಹಾರಿಹೋದಂತೆ ದಿನಾ ಕನಸು ಬೀಳುತ್ತಿತ್ತು.

ಖಿದಿರ್‌ಪುರದ ಅಂಗಡಿಯ ಮುದುಕ, ಎದುರಿಗೇ ಕಟ್ಟಿ ತೋರಿಸಿದವರಿಗಷ್ಟೇ ಟೆಂಟ್ ಬಾಡಿಗೆಗೆ ಕೊಡುತ್ತಾನೆ. ಅಂಗಡಿಯ ಹಿಂದಿನ ಬಯಲಿನಲ್ಲಿ ಕಟ್ಟಿದೆ. ಅವನು ಎರಡೇ ಬೆರಳಲ್ಲಿ ಗೂಟ ಕಿತ್ತ.

“ದೀದಿ, ಮನೇಲಿ ಗೂಟ ಎಲ್ಲಿ ಹೊಡೆದ್ರಿ?”

“ತಾರಸಿ ಸಿಮೆಂಟಿಂದು. ಹಗ್ಗ ಹೂಕುಂಡಕ್ಕೆ ಕಟ್ಟಿದ್ದೆ.”

“ಹಾಗಾದ್ರೆ ಶಿವನ ಹತ್ರಕ್ಕೆ ಹೂಕುಂಡಾನೂ ಹೊತ್ಕೊಂಡು ಹೋಗಿ!”

ನನ್ನನ್ನು ನಂಬಿ ರಜೆ ಹಾಕಿದವರ ಮುಖಗಳು ನೆನಪಾಗಿ, ಗೂಟವನ್ನು ಮತ್ತೆ ಕೈಗೆತ್ತಿಕೊಂಡೆ. ಅವನು ಹೇಳಿದಂತೆ ಗೂಟದ ತಲೆಯನ್ನು ಟೆಂಟಿನಿಂದ ಆಚೆಗೆ ವಾಲಿಸಿ ಹಿಡಿದು ಸುತ್ತಿಗೆ ಬೀಸಿದೆ. ಮೊದಲ ಪೆಟ್ಟು ಹೆಬ್ಬೆರಳಿಗೆ ಬಿತ್ತು, ಉಳಿದವು ಗೂಟಕ್ಕೆ. ಮುದುಕ ಎರಡೂ ಕೈಯಲ್ಲಿ ಎಳೆದ. ಅದು ಅಲುಗಲಿಲ್ಲ.

ಟೆಂಟುಗಳೆಲ್ಲ ಬಾಡಿಗೆಯವು. ಆ ಒಂದು ಗೂಟವನ್ನು ಮಾತ್ರ ಕೇಳಿ ಇಸಿದುಕೊಂಡೆ. ಈಗ ಅದು ನನ್ನ ಸ್ವಂತದ್ದು. ಅದಕ್ಕೆ ನಾನು ತೆತ್ತಿದ್ದು ಎಡ ಹೆಬ್ಬೆರಳಿನ ಉಗುರು.