ದೋಸೆ ಕಾವಲಿ ಮತ್ತು ಕಾರಿನ ಬಾನೆಟ್ಟು

೧೯೮೮ರಲ್ಲಿ, ಏಳನೇ ಕ್ಲಾಸಿನ ಪರೀಕ್ಷೆ ಬರೆದ ಮೇಲೆ, ನನ್ನ ಓದು ನಿಂತಿತು. ಉಡುಪಿ ಕಡೆಯಿಂದ ಬಸ್ಸು ಹತ್ತಿ ಬಂದು ಸಯನ್ನಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸಕ್ಕೆ ನಿಂತೆ. ಒರೆಸುವುದರಲ್ಲಿ ಕಲಿಯಲು ಏನಿದೆ ಎಂದು ನಗುವವರು ನಗಲಿ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಬೇಕು, ಒಂದೇ ದಿಕ್ಕಿಗೆ ನೇರ ಎಳೆಯಬೇಕು. ಗೋಲ ತಿರುಗಿಸಿದರೆ ಕೊಳೆ ಟೇಬಲ್ಲಿನ ಮೇಲೆಯೇ ಸುತ್ತು ಹಾಕುತ್ತಿರುತ್ತದೆ. ಎಷ್ಟೋ ವರ್ಷಗಳ ಮೇಲೆ ಮೊಬೈಲಿನ ವಿಡಿಯೋದಲ್ಲಿ ಒಬ್ಬ, ಕಾರು ಒರೆಸುವ ಹೊಸ ವಿಧಾನವೆಂದು ಇದನ್ನೇ ಹೇಳಿದ. ಪರವಾಗಿಲ್ಲ, ತಿಳಿದವನು ಎಂದುಕೊಳ್ಳುವಷ್ಟರಲ್ಲಿ ಬಾಟಲಿಯೊಂದನ್ನು ಎತ್ತಿ ತೋರಿಸಿದ. ಅಲ್ಲಿಗೆ ನನ್ನ ನಂಬಿಕೆ ಹೋಯಿತು. ಹೇಳುವುದು ಬಟ್ಟೆಯ ವಿಷಯ, ಮಾರುವುದು ಬಾಟಲಿ.

ನನ್ನ ಕಾರು ಕಡುನೀಲಿ. ಸೆಕೆಂಡ್ ಹ್ಯಾಂಡ್. ಭಾಂಡುಪ್‌ನಲ್ಲಿ ನನ್ನದೇ ಹೋಟೆಲು ಹಾಕಿ, ಅದು ತನ್ನ ಕಾಲ ಮೇಲೆ ನಿಂತ ಮೇಲೆ ಕೊಂಡದ್ದು. ನಮ್ಮ ಬಿಲ್ಡಿಂಗಿನಲ್ಲಿ ಬೆಳಗ್ಗೆ ಎಲ್ಲ ಕಾರುಗಳನ್ನೂ ತೊಳೆಯಲು ಒಬ್ಬ ಬರುತ್ತಾನೆ. ಒಂದೇ ಬಕೆಟ್ಟು, ಒಂದೇ ಬಟ್ಟೆ. ಮೊದಲ ಕಾರಿನ ಮರಳು ಕೊನೆಯ ಕಾರಿನ ಮೈಗೆ. ನಾನು ಅವನಿಗೆ ಮೊದಲ ದಿನವೇ ಕೈಮುಗಿದು ಬೇಡವೆಂದೆ. ಅಂದಿನಿಂದ ನನ್ನ ಕಾರಿಗೆ ನಾನಲ್ಲದೆ ಬೇರೆಯವರ ಕೈ ತಾಗಿರಲಿಲ್ಲ.

ಹಾಗಿರುವಾಗ ಮಗಳ ಮದುವೆ ನಿಶ್ಚಯವಾಯಿತು. ಹುಡುಗ ಕಾಂದಿವಲಿಯವನು, ನಮ್ಮ ಊರ ಕಡೆಯವರೇ. ಮದುವೆ ಸಯನ್ನಿನ ಹಾಲ್‌ನಲ್ಲಿ. ಮಾತುಕತೆಯ ದಿನ ಹುಡುಗನ ದೊಡ್ಡಪ್ಪ ಕಾಫಿ ಕುಡಿಯುತ್ತ ಹೇಳಿದರು: "ಹಾಲ್‌ನಿಂದ ಮದುಮಗಳನ್ನು ಮನೆಗೆ ಕರ್ಕೊಂಡು ಹೋಗ್ಲಿಕ್ಕೆ ಒಂದು ದೊಡ್ಡ ಬಿಳಿ ಗಾಡಿ ಬಾಡಿಗೆಗೆ ಹೇಳುವ. ನಿಮ್ಮದು ಹಳತಲ್ವಾ, ನಿಮ್ಗ್ಯಾಕೆ ಸುಮ್ನೆ ತೊಂದ್ರೆ?"

"ತೊಂದ್ರೆ ಎಂತದ್ದು? ನನ್ನ ಮಗಳು ನನ್ನ ಗಾಡಿಯಲ್ಲೇ ಹೋಗುದು" ಎಂದೆ.

"ಆಯ್ತು ಮಾರಾಯ್ರೆ, ನೋಡುವ" ಎಂದು ನಕ್ಕರು. ನೋಡುವ ಎಂದರೆ ಗಾಡಿಯನ್ನು ನೋಡಿ ಹೇಳುವ ಎಂದು ಅರ್ಥ. ಅಷ್ಟು ನನಗೆ ತಿಳಿಯುತ್ತದೆ.

ಮರುವಾರ ಹುಡುಗ ಒಂದು ಪೆಟ್ಟಿಗೆ ಕಳಿಸಿದ. ಬಿಚ್ಚಿದರೆ ಕಾರಿನ ಶ್ಯಾಂಪೂ, ವ್ಯಾಕ್ಸಿನ ಡಬ್ಬಿ, ದಪ್ಪ ನೂಲಿನ ಬಟ್ಟೆಗಳು.

"ಇದನ್ನು ಯಾಕೆ ಕಳ್ಸಿದ? ನನ್ನ ಕಾರು ಹೊಲಸು ಅಂತಲಾ? ದೊಡ್ಡಪ್ಪ ಹೇಳಿ ಕಳ್ಸಿದ್ದಾ?"

ಮಗಳು, "ಪಪ್ಪಾ, ಗಿಫ್ಟ್ ಅದು, ಗಿಫ್ಟ್!" ಎಂದಳು.

ಹೆಂಡತಿ ಅಡುಗೆಮನೆಯಿಂದ, "ಅವರಿಗೆ ಕಳ್ಸಿದ್ರೂ ಸಂಶಯ, ಕಳ್ಸದಿದ್ರೂ ಸಂಶಯ. ನನ್ನನ್ನು ನೋಡ್ಲಿಕ್ಕೆ ಬಂದಾಗ ನಮ್ಮ ಮನೆಯ ಚಾ ಪುಡಿಯನ್ನೂ ಮೂಸಿ ನೋಡಿದ ಜನ" ಎಂದಳು.

ಪೆಟ್ಟಿಗೆಯನ್ನು ಕಪಾಟಿನ ಮೇಲೆ ಹಾಕಿದೆ.

ಕಾರಿನ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವ ಸ್ಪ್ರೇ ಬಾಟಲಿಯೊಂದನ್ನು ಕುಲುಕಿ, "ಸೇಠ್, ಏಕ್ ಬಾರ್ ಲಗಾವೋ, ಛೇ ಮಹೀನಾ ಭೂಲ್ ಜಾವೋ" ಎಂದ. ಒಮ್ಮೆ ಹಚ್ಚಿದರೆ ಆರು ತಿಂಗಳು ಮರೆತುಬಿಡಬಹುದಂತೆ. ನಾನು ಮರೆತರೆ ನಿನ್ನ ಅಂಗಡಿಗೆ ತಿರುಗಿ ಬರುವವರು ಯಾರು ಎಂದು ಕೇಳಿದ್ದಕ್ಕೆ ನಕ್ಕ. ಬಾಟಲಿಯಲ್ಲಿ ಏನಿದೆ ಎಂದು ಕೇಳಿದೆ. "ಇಂಪೋರ್ಟೆಡ್" ಎಂದ. ನಾನು ಕೇಳಿದ್ದು ಎಲ್ಲಿಂದ ಬಂತೆಂದಲ್ಲ. ಆದರೂ ಒಂದು ಸಣ್ಣ ಬಾಟಲಿ ತಂದೆ, ಪರೀಕ್ಷೆಗೆ ಇರಲಿ ಎಂದು.

ಅಲ್ಲಿಯವರೆಗೆ ನಾನು ನಂಬಿದ್ದು ಒಂದನ್ನೇ. ನಮ್ಮ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್. ಸಾಂಬಾರಿನ ಕೊಪ್ಪರಿಗೆಯ ಜಿಡ್ಡನ್ನು ಅದು ಬಿಡಿಸುವುದನ್ನು ದಿನಾ ಕಣ್ಣಾರೆ ಕಾಣುತ್ತೇನೆ. ಮದುವೆ ಹತ್ತಿರ ಬಂತೆಂದು ವಾರಕ್ಕೆ ಎರಡು ಸಲ ಅದರಲ್ಲೇ ಕಾರು ತೊಳೆಯತೊಡಗಿದೆ. ನೊರೆಯೇನು, ಸ್ವಚ್ಛವೇನು! ಆದರೆ ಒಂದು ಬೆಳಿಗ್ಗೆ ಬಾನೆಟ್ಟಿನ ಮೇಲೆ ಪಾರಿವಾಳದ ಹಿಕ್ಕೆ ಬಿದ್ದಿತ್ತು. ನೆನೆಸಿ ತೆಗೆದೆ. ಹಿಕ್ಕೆ ಹೋಯಿತು, ಅದರ ನೆರಳು ಉಳಿಯಿತು. ಬೋರ್‌ವೆಲ್ ನೀರಿನ ಬಿಳಿ ಕಲೆಗಳೂ ಹೋಗಲಿಲ್ಲ. ಪಾರಿವಾಳದ ಮೇಲೆ ಸಂಶಯ ಪಟ್ಟೆ, ಸೊಸೈಟಿಯ ನೀರಿನ ಮೇಲೆ ಪಟ್ಟೆ, ನಾನು ಬೇಡವೆಂದ ಆ ತೊಳೆಯುವವನ ಮೇಲೂ ಪಟ್ಟೆ.

ಕಾರಿನ ಮೇಲೆ ಮತ್ತೆ ನೀರು ಸುರಿದಾಗ ಗೊತ್ತಾಯಿತು. ಮೊದಲೆಲ್ಲ ನೀರು ಮುತ್ತುಮುತ್ತಾಗಿ ನಿಂತು ಉರುಳಿ ಹೋಗುತ್ತಿತ್ತು. ಈಗ ಚಾಪೆಯ ಹಾಗೆ ಹರಡಿ ಮಲಗಿತು. ಈ ನೋಟವನ್ನು ನಾನು ಬೇರೆ ಕಡೆ ನೋಡಿದ್ದೆ. ದೋಸೆ ಕಾವಲಿಯನ್ನು ಯಾರೂ ಸೋಪು ಹಾಕಿ ತೊಳೆಯುವುದಿಲ್ಲ. ಎಣ್ಣೆ ಕುಡಿದು ಕುಡಿದು ಅದರ ಮೇಲೊಂದು ಪದರ ಕೂತಿರುತ್ತದೆ, ನೀರು ಅದಕ್ಕೆ ಅಂಟುವುದಿಲ್ಲ. ಯಾರಾದರೂ ತಿಳಿಯದವನು ಸೋಪು ಹಾಕಿ ಉಜ್ಜಿದನೋ, ಪದರ ಹೋಯಿತು. ಆಮೇಲೆ ದೋಸೆ ಏಳುವುದೇ ಇಲ್ಲ. ನನ್ನ ಹೋಟೆಲಿನಲ್ಲಿ ಹಾಗೆ ಮಾಡಿದವನಿಗೆ ಅಡುಗೆಮನೆ ಕೇಳುವಂತೆ ಬೈದಿದ್ದೇನೆ. ಕಾರಿನ ಬಣ್ಣದ ಮೇಲಿನ ಪದರವನ್ನು ಅದೇ ಸೋಪಿನಿಂದ ನಾನೇ ತೆಗೆದುಹಾಕಿದ್ದೆ.

ಇನ್ನು ಊಹೆಯಿಂದ ಏನನ್ನೂ ಹಚ್ಚಬಾರದು ಎಂದುಕೊಂಡೆ. ಪರಿಚಯದ ಗ್ಯಾರೇಜಿನಿಂದ ಒಂದು ಗುಜರಿ ಬಾನೆಟ್ಟು ತಂದು ಪಾರ್ಕಿಂಗಿನ ಮೂಲೆಯಲ್ಲಿ ಇಟ್ಟೆ. ಹೆಂಡತಿ ಬಾಲ್ಕನಿಯಿಂದ ನೋಡಿ, "ಬೀಗರು ಬರುವ ಹೊತ್ತಿಗೆ ಗುಜರಿ ಅಂಗಡಿ ಇಡಿ" ಎಂದಳು. ಅರ್ಧಕ್ಕೆ ಅಂಗಡಿಯವನ ಸ್ಪ್ರೇ, ಅರ್ಧಕ್ಕೆ ಹುಡುಗನ ವ್ಯಾಕ್ಸು. ಸ್ಪ್ರೇ ಹೊಡೆದ ಕಡೆ ಮೊದಲ ದಿನ ಕನ್ನಡಿ. ಮರುದಿನ ನೋಡಿದರೆ ತುಪ್ಪದ ಕೈಗೆ ರವೆ ಅಂಟಿದ ಹಾಗೆ ಧೂಳು ಕೂತಿತ್ತು. ವ್ಯಾಕ್ಸಿನ ಕಡೆ ಅಷ್ಟು ಮಿಂಚಲಿಲ್ಲ, ಆದರೆ ಧೂಳು ಊದಿದರೆ ಹಾರಿತು, ನೀರು ಮುತ್ತಾಗಿ ಉರುಳಿತು. ಒಂದು ದಿನ ಹಾಗಾದರೆ ನಂಬುವುದು ಬೇಡವೆಂದು ಇಡೀ ವಾರ ಬಿಸಿಲಲ್ಲಿ ಬಿಟ್ಟೆ. ಮುತ್ತು ಹೋಗಲಿಲ್ಲ. ವ್ಯಾಕ್ಸು ಪಾಸಾಯಿತು. ಕಳಿಸಿದವನ ಮೇಲಿನ ಸಂಶಯ ಮಾತ್ರ ಹಾಗೆಯೇ ಇತ್ತು.

ಬಾನೆಟ್ಟಿನ ಕಲೆ ತೆಗೆಯುವುದು ಬೇರೆ ಕೆಲಸ, ಅದು ನನಗೆ ಗೊತ್ತಿರಲಿಲ್ಲ. ಗಟ್ಟಿ ಉಜ್ಜಿದರೆ ಬಣ್ಣವೇ ಹೋಗುತ್ತದೆ. ಮಗಳು ನನ್ನನ್ನು ಕೇಳದೆ ಹುಡುಗನಿಗೆ ಫೋನ್ ಮಾಡಿದಳು. ಭಾನುವಾರ ಬಂದ.

ನಮ್ಮ ಹೋಟೆಲುಗಳಲ್ಲಿ ಒಂದು ಕ್ರಮವಿದೆ. ಹೊಸ ಅಡುಗೆಯವನು ಬಂದರೆ ಮಾತಾಡಿಸುವುದು ಕಡಿಮೆ. ಮೂಲೆಯ ಒಲೆಯ ಮುಂದೆ ನಿಲ್ಲಿಸಿ, ಮಾಡು ಎಂದು ಹೇಳಿ, ದೂರದಿಂದ ನೋಡುತ್ತೇವೆ. ಕೆಳಗೆ ಬಿದ್ದ ಸಟ್ಟುಗವನ್ನು ಎತ್ತಿ ಹಾಗೆಯೇ ಬಾಣಲೆಗೆ ಹಾಕಿದರೆ ಚಾ ಕೊಟ್ಟು ಕಳಿಸುತ್ತೇವೆ. ಹುಡುಗನಿಗೂ ಗುಜರಿ ಬಾನೆಟ್ಟು ತೋರಿಸಿ, "ಮೊದ್ಲು ಇದ್ರಲ್ಲಿ ಮಾಡಿ ತೋರ್ಸು" ಎಂದೆ.

"ಟೆಸ್ಟಾ ಅಂಕಲ್?"

"ಎಂತ ಇಲ್ಲ, ನಂಗೆ ಕಲೀಲಿಕ್ಕೆ."

ಅವನು ತಾನು ತಂದ ಪಾಲಿಶನ್ನು ಸ್ವಲ್ಪವೇ ಹಾಕಿ, ಕೈಯ ಭಾರ ಹಾಕದೆ, ನಡುನಡುವೆ ನಿಲ್ಲಿಸಿ ನೋಡುತ್ತ ಉಜ್ಜಿದ. ಬಟ್ಟೆಗೆ ನಾಲ್ಕು ಮಡಿಕೆ ಇತ್ತು. ಎದ್ದು ಡಬ್ಬಿ ತೆಗೆಯುವಾಗ ಬಟ್ಟೆ ನೆಲಕ್ಕೆ ಬಿತ್ತು. ನಾನು ಒಂದು ಹೆಜ್ಜೆ ಮುಂದೆ ಬಂದು ನೋಡಿದೆ. ಕಾರಿಗಾಗಿ ಅಲ್ಲ, ಮಗಳನ್ನು ಇವನ ಮನೆಗೆ ಕಳಿಸುವವನಲ್ಲವೇ ನಾನು. ಅವನು ಬಟ್ಟೆಯನ್ನು ಎತ್ತಿದ, ಕೊಡವಲೂ ಇಲ್ಲ, ಬೇರೆ ಚೀಲಕ್ಕೆ ಹಾಕಿ ಹೊಸದನ್ನು ತೆಗೆದ.

"ಅದನ್ನು ಯಾಕೆ ಬಿಟ್ಟೆ?"

"ನೀಚೆ ಗಿರ್ ಗಯಾ ನಾ ಅಂಕಲ್. ಮರಳು ಹಿಡೀತದೆ. ಒಂದು ಕಣ ಇದ್ರೂ ಗೀರು."

"ಹೂಂ" ಎಂದೆ. "ಈಗ ಕಾರಿಗೆ ಬಾ."

ಇಬ್ಬರೂ ಸೇರಿ ಬಾನೆಟ್ಟಿನ ಕಲೆ ತೆಗೆದೆವು. ತೀರಾ ಹೋಗಲಿಲ್ಲ, ತಿಳಿದವರು ಹುಡುಕಿದರೆ ಸಿಗುವಷ್ಟು ಉಳಿಯಿತು. ವ್ಯಾಕ್ಸು ಹಚ್ಚುವಾಗ ಕೇಳಿಯೇ ಬಿಟ್ಟೆ: "ಆ ಪೆಟ್ಟಿಗೆ ಯಾಕೆ ಕಳ್ಸಿದ್ದು ನೀನು? ನಿಜ ಹೇಳು. ನನ್ನ ಗಾಡಿ ಕಂಡು ನಾಚಿಕೆ ಆಯ್ತಾ?"

ಅವನ ಕೆನ್ನೆ ಕೆಂಪಾಯಿತು. "ಇಲ್ಲ ಅಂಕಲ್. ನಿಮ್ಮ ಜೊತೆ ಮಾತಾಡ್ಲಿಕ್ಕೆ ನಂಗೆ ಬೇರೆ ಸಬ್ಜೆಕ್ಟೇ ಗೊತ್ತಿರ್ಲಿಲ್ಲ. ಅವ್ಳು ಹೇಳಿದ್ಳು, ಪಪ್ಪ ಮಾತಾಡುದು ಹೋಟೆಲ್ ಇಲ್ಲ ಅಂದ್ರೆ ಕಾರು. ನಂಗೆ ಹೋಟೆಲ್ ಗೊತ್ತಿಲ್ಲ."

ಅವನು ಹೋದ ಮೇಲೆ ಅವನು ಒರೆಸಿದ ಕಾರಿನ ಬಾಗಿಲಿಗೆ ಟಾರ್ಚ್ ಹಿಡಿದು ಓರೆಯಿಂದ ನೋಡಿದೆ. ಗೀರಿರಲಿಲ್ಲ.

ಮದುವೆಯ ದಿನ ಹಾಲ್‌ನ ಮುಂದೆ ಹೂ ಕಟ್ಟುವವನು ಸೆಲ್ಲೋಟೇಪು ಹಿಡಿದು ಬಂದ. ಬಣ್ಣಕ್ಕೆ ಟೇಪು ತಾಗಿಸಿದರೆ ನೋಡು ಎಂದು ಅವನಿಂದ ದಾರದಲ್ಲೇ ಹೂ ಕಟ್ಟಿಸಿದೆ. ಬಿಳಿ ಗಾಡಿ ಬಂದಿರಲಿಲ್ಲ. ಬೇಡವೆಂದು ಹೇಳಿದವನು ಅಳಿಯನೇ ಎಂದು ಆಮೇಲೆ ತಿಳಿಯಿತು. ದೊಡ್ಡಪ್ಪ ಕಾರಿನ ಸುತ್ತ ಒಂದು ಸಲ ಬಂದು, ಬಾನೆಟ್ಟಿನ ಮೇಲೆ ಕೈಯಾಡಿಸಲು ಹೊರಟರು.

"ಕೈ ಹಾಕ್ಬೇಡಿ, ಬೆರಳಲ್ಲಿ ಉಂಗುರ ಉಂಟು" ಎಂದೆ.

"ಅಬ್ಬಾ! ಮಗಳನ್ನು ಕೊಡ್ತೀರಿ, ಗಾಡಿ ಮುಟ್ಲಿಕ್ಕೆ ಬಿಡುದಿಲ್ವಾ?" ಎಂದು ಕೈ ಹಿಂದೆ ತೆಗೆದರು.

ಹೂವಿನಿಂದ ಜಾರಿದ ನೀರು ಬಾನೆಟ್ಟಿನ ಮೇಲೆ ಮುತ್ತಾಗಿ ಉರುಳುತ್ತಿತ್ತು. ಮಗಳು, ಅಳಿಯ ಹಿಂದಿನ ಸೀಟಿನಲ್ಲಿ ಕೂತರು. ನಾನೇ ಓಡಿಸಿದೆ. ಕಾಂದಿವಲಿಯವರೆಗೂ ಕನ್ನಡಿಯಲ್ಲಿ ಅವಳನ್ನು ನೋಡುತ್ತಿದ್ದೆ. ಅವಳು ಹೊರಗೆ ನೋಡುತ್ತಿದ್ದಳು.

ಈಗ ನನ್ನಲ್ಲಿರುವುದು ಇಷ್ಟು: ಒಂದು ಹೋಟೆಲು, ಒಂದು ಕಾರು, ಒಂದು ಗುಜರಿ ಬಾನೆಟ್ಟು. ಎರಡು ಬಕೆಟ್ಟು, ಆರು ಬಟ್ಟೆ, ಅರ್ಧ ಡಬ್ಬಿ ವ್ಯಾಕ್ಸು. ಮನೆಯಲ್ಲಿ ಇಬ್ಬರು, ಕಾಂದಿವಲಿಯಲ್ಲಿ ಇಬ್ಬರು.