ಭೂಮಿ ಹುಣ್ಣಿಮೆಯ ದಿನದ ಪರೀಕ್ಷೆ

ದೆಹಲಿಯಲ್ಲಿ ಕೂತು ಪರೀಕ್ಷೆಯ ದಿನ ಗೊತ್ತು ಮಾಡುವವರು ಗೋಡೆಗೆ ಒಂದು ಪಂಚಾಂಗ ನೇತುಹಾಕಿಕೊಳ್ಳಬಾರದೇ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ. ಇಡೀ ದೇಶದ ಮೂರನೇ ತರಗತಿಯ ಮಕ್ಕಳು ಎಷ್ಟು ಕಲಿತಿದ್ದಾರೆಂದು ಒಂದೇ ದಿನದಲ್ಲಿ ಅಳೆಯುವ ಸಮೀಕ್ಷೆಗೆ ನಮ್ಮ ಶಾಲೆಯೂ ಆಯ್ಕೆಯಾಗಿತ್ತು. ಶಿಕಾರಿಪುರ ತಾಲೂಕು ಮುಗಿದು ಸೊರಬ ಶುರುವಾಗುವ ಕಡೆಯ ಸಣ್ಣ ಊರು. ಒಂದರಿಂದ ಐದರವರೆಗೆ ನಾನೊಬ್ಬಳೇ ಟೀಚರು. ಪರೀಕ್ಷೆ ಬಿದ್ದದ್ದು ಭೂಮಿ ಹುಣ್ಣಿಮೆಯ ದಿನ.

ಬಸುರಿಗೆ ಬಯಕೆ ಊಟ ಹಾಕುವ ಹಾಗೆ, ತೆನೆ ಒಡೆಯುವ ಮೊದಲು ಹೊಡೆ ತುಂಬಿದ ಬತ್ತದ ಗದ್ದೆಗೆ ಬಡಿಸುವ ಹಬ್ಬ ಅದು. ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ರಾತ್ರಿಯಿಡೀ ಅಡಿಗೆ ಮಾಡಿ, ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಗದ್ದೆಗೆ ಹೋಗುತ್ತಾರೆ. ಅವತ್ತು ಯಾವ ಮಗುವೂ ನಿದ್ದೆ ಮಾಡಿರುವುದಿಲ್ಲ. ಸೊರಬದ ಮೀಟಿಂಗಿನಲ್ಲಿ ಇದನ್ನೇ ಹೇಳಿದೆ. "ನಿಮ್ಮೂರ ಹಬ್ಬಕ್ಕೆ ದೇಶ ನಿಲ್ಸಕ್ಕಾಗುತ್ತೇನ್ರೀ ಮೇಡಂ?" ಎಂದರು ನಮ್ಮ ಶಿಕ್ಷಣಾಧಿಕಾರಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಅಷ್ಟಕ್ಕೇ ಬಿಡದೆ ಊರಿಗೇ ಬಂದು, ಅಪ್ಪ ಅಮ್ಮಂದಿರನ್ನು ಶಾಲೆಯ ಅಂಗಳದಲ್ಲಿ ಕೂರಿಸಿಕೊಂಡು, "ಈ ಪರೀಕ್ಷೆ ಮೇಲೇ ನಿಮ್ ಶಾಲೆ ಉಳಿಯೋದು ನಿಂತಿದೆ, ನೆನಪಿಟ್ಕೊಳ್ಳಿ" ಎಂದು ಹೇಳಿ ಹೋದರು.

ಆ ಮಾತಿಗೆ ಎಲ್ಲರಿಗಿಂತ ಹೆಚ್ಚು ಹೆದರಿದವಳು ಶಾಲೆಯ ಹಿಂದಿನ ಓಣಿಯ ಒಬ್ಬ ತಾಯಿ. ಅವಳ ಮಗಳಿಗೆ ಹುಟ್ಟಿನಿಂದ ಒಂದು ಕಾಲು ಗಿಡ್ಡ. ಗೋಡೆ, ಬೇಲಿ ಹಿಡಿದುಕೊಂಡು ತಾನೇ ನಡೆದು ಬರುವಳು, ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಮೂರನೇ ತರಗತಿಯಲ್ಲೇ ಐದರವರ ಪುಸ್ತಕ ಸಲೀಸಾಗಿ ಓದುತ್ತಿದ್ದಳು. "ಶಾಲೆ ಹತ್ರ ಐತಿ ಅಂತ ಓದ್ತೈತಿ ಅಕ್ಕೋರೆ. ದೂರಾತು ಅಂದ್ರೆ ಬಿಡ್ಸೋದೇಯ" ಎಂದು ತಾಯಿ ನನ್ನ ಹತ್ತಿರ ಹೇಳಿಕೊಂಡಳು.

ಪರೀಕ್ಷೆಯ ದಿನ ಮಕ್ಕಳು ಗದ್ದೆಯಿಂದ ನೆಟ್ಟಗೆ ಶಾಲೆಗೇ ಬಂದವು. ಉಗುರಿನ ತುಂಬ ಕೆಮ್ಮಣ್ಣು, ಹೊಟ್ಟೆ ತುಂಬ ಕಡುಬು, ಕಣ್ಣು ತುಂಬ ನಿದ್ದೆ. ಕೋಣೆಯೊಳಗೆ ಟೀಚರು ಇರುವಂತಿಲ್ಲ ಎಂದು ನನ್ನನ್ನು ಹೊರಗೆ ಹಾಕಿದರು. ಟೀಚರ್ ತರಬೇತಿ ಕಾಲೇಜಿನ ಒಬ್ಬ ತರುಣ ಮೇಲ್ವಿಚಾರಣೆಗೆ ಬಂದಿದ್ದ. ನಾನು ಬಿಸಿಯೂಟದ ಕೋಣೆಯಲ್ಲಿ ಕೂತು ಸುಮ್ಮನೆ ಅಕ್ಕಿ ಆರಿಸಿದೆ.

ಪರೀಕ್ಷೆ ಮುಗಿದ ಮೇಲೆ ಒಳಗೆ ಹೋಗಿ ನೋಡಿದೆ. ಹಿಂದಿನ ಓಣಿಯ ಆ ಹುಡುಗಿ ಪ್ರಶ್ನೆಪತ್ರಿಕೆಯ ಮೇಲೆಯೇ ಸರಿಯುತ್ತರಗಳಿಗೆ ಗುರುತು ಹಾಕಿದ್ದಳು, ಒಂದೂ ತಪ್ಪಿರಲಿಲ್ಲ. ಉತ್ತರದ ಹಾಳೆಯೇ ಬೇರೆ. ಅದರಲ್ಲಿ ಪ್ರತಿ ಪ್ರಶ್ನೆಗೂ ನಾಲ್ಕು ಸೊನ್ನೆಗಳು, ಒಂದನ್ನು ಮಾತ್ರ ಕಪ್ಪು ಮಾಡಬೇಕು. ಸಾಲುಸಾಲು ಸೊನ್ನೆ ಕಂಡವಳು ಹಿಂದಿನ ದಿನವೆಲ್ಲ ಬುಟ್ಟಿಯ ಮೇಲೆ ಏನು ಮಾಡಿದ್ದಳೋ ಅದನ್ನೇ ಮಾಡಿದಳು. ಒಂದು ತುಂಬಿ, ಒಂದು ಬಿಟ್ಟು, ಓರೆಯಾಗಿ ಇಳಿಸಿ, ಹಾಳೆಯ ತುದಿಯವರೆಗೂ ಚಿತ್ತಾರ ಬರೆದಳು. "ಚಂದ ಬಂದೈತಾ ಅಕ್ಕೋರೆ?" ಎಂದು ನನ್ನನ್ನೇ ಕೇಳಿದಳು. ಚಂದವಾಗಿಯೇ ಇತ್ತು. "ನೋಡಿದ ಮೇಲಾದ್ರೂ ಹೇಳಬಾರದಿತ್ತೇನಪ್ಪ?" ಎಂದು ಆ ತರುಣನನ್ನು ಕೇಳಿದೆ. "ಮಕ್ಕಳ ಹತ್ರ ಮಾತಾಡೋ ಹಾಗಿಲ್ಲ ಅಂದಿದ್ರು ಮೇಡಂ" ಎಂದ. ಅಭ್ಯಾಸಕ್ಕೆಂದು ಅಚ್ಚು ಹಾಕಿಸಿದ ಹಾಳೆಗಳು ನಮ್ಮ ಶಾಲೆಗೆ ತಲುಪಿದ್ದು ಪರೀಕ್ಷೆ ಮುಗಿದ ಮೇಲೆ. ಯಾರಿಗೆ ಬೈಯಬೇಕು ಹೇಳಿ.

ಬೇಸಿಗೆ ರಜೆ ಕಳೆಯುವಷ್ಟರಲ್ಲಿ ನಮ್ಮ ಶಾಲೆಯನ್ನು ಹೆದ್ದಾರಿಯ ದೊಡ್ಡ ಶಾಲೆಗೆ ಸೇರಿಸುವ ಆದೇಶ ಬಂತು. ನಾನು ಸೊರಬಕ್ಕೆ ಹೋಗಿ ಜಗಳಕ್ಕೇ ನಿಂತೆ. "ಪರೀಕ್ಷೆಗೂ ಇದಕ್ಕೂ ಸಂಬಂಧ ಇಲ್ಲ ಮೇಡಂ, ಮಕ್ಕಳು ಕಡಿಮೆ ಅಂತ ಮೊದಲೇ ತೀರ್ಮಾನ ಆಗಿತ್ತು" ಎಂದರು ಅಧಿಕಾರಿ. ಮತ್ತೆ ಊರಿಗೆ ಬಂದು ಹಾಗೇಕೆ ಹೇಳಿದಿರಿ ಎಂದರೆ, "ಹಂಗೆ ಹೇಳ್ದೆ ಇದ್ರೆ ಹಬ್ಬದ ದಿನ ಮಕ್ಕಳನ್ನ ಕಳಿಸ್ತಿದ್ರೇನ್ರೀ?" ಎಂದು ನಕ್ಕರು. ಆ ನಗು ನೆನೆದರೆ ಇವತ್ತೂ ಮೈ ಉರಿಯುತ್ತದೆ.

ಊರಿನಲ್ಲಿ ನನ್ನ ಮಾತು ಯಾರೂ ನಂಬಲಿಲ್ಲ. ಅಧಿಕಾರಿ ಎಲ್ಲರೆದುರು ಹೇಳಿದ್ದೇ ಖರೆ, ಅಕ್ಕೋರು ಸಮಾಧಾನಕ್ಕೆ ಹೇಳುತ್ತಾರೆ ಎಂದುಕೊಂಡರು. ಚಿತ್ತಾರದ ಸುದ್ದಿ ಮಕ್ಕಳ ಬಾಯಿಂದ ಆಗಲೇ ಮನೆಮನೆ ಮುಟ್ಟಿತ್ತು. "ನಮ್ ಹುಡ್ಗಿ ಮಾಡಿದ್ದಕ್ಕೇ ಶಾಲೆ ಹೋತಲ್ರೀ" ಎಂದು ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅಲ್ಲ ಎಂದು ಎಷ್ಟು ಸಲ ಹೇಳಿದರೂ ಅವಳ ತಲೆಗೆ ಹೋಗಲಿಲ್ಲ.

ಆ ದೊಡ್ಡ ಶಾಲೆಯ ಬಸ್ಸು ಊರೊಳಕ್ಕೆ ಬರುವುದಿಲ್ಲ, ದೂರದ ಕ್ರಾಸಿನಲ್ಲೇ ನಿಲ್ಲುತ್ತದೆ. ಹುಡುಗಿ ಮನೆಯಲ್ಲಿ ಉಳಿದಳು. ಆದರೆ ದೇಶದಲ್ಲಿ ಒಂದು ಮಗುವೂ ಶಾಲೆ ಬಿಟ್ಟಿರಬಾರದಂತೆ. ಅದಕ್ಕೂ ಒಂದು ದಾರಿ ಇತ್ತು. ಅಂಗವೈಕಲ್ಯದಿಂದ ಶಾಲೆಗೆ ಬರಲಾಗದ ಮಗು ಎಂದು ದಾಖಲಿಸಿದರೆ ಮನೆಯಲ್ಲೇ ಪಾಠ, ಲೆಕ್ಕಕ್ಕೂ ಸರಿ. ಬಸ್ಸು ಬರಲಿಲ್ಲ ಎಂದು ಬರೆಯಲು ಅಲ್ಲಿ ಜಾಗವೇ ಇಲ್ಲ. ಹಾಗೆ ಬರೆಯದಿದ್ದರೆ ದಾಖಲೆಯಿಂದ ಅವಳ ಹೆಸರೇ ಹೋಗುತ್ತದೆ ಎಂದರು ಅಧಿಕಾರಿ. ಕೈ ಬರದಿದ್ದರೂ ಬರೆದೆ.

ಈಗ ನಾನೂ ಹೆದ್ದಾರಿಯ ಶಾಲೆಯವಳೇ, ಅಲ್ಲಿಂದ ಆಗಾಗ ಪಾಠಕ್ಕೆಂದು ಅವಳ ಮನೆಗೆ ಹೋಗುತ್ತೇನೆ. ಮೊನ್ನೆ ಪಾಠ ಮುಗಿಸಿ ಫೋನಿನಲ್ಲಿ ಹಾಜರಿ ಹಾಕುವಾಗ ಪಕ್ಕದಲ್ಲಿ ಬಗ್ಗಿ ನೋಡಿದಳು. ತನ್ನ ಹೆಸರಿನ ಮುಂದಿದ್ದ ಸಾಲನ್ನು ಒಂದಕ್ಷರವೂ ತಡವರಿಸದೆ ಓದಿದಳು. ನಾನು ಎದ್ದಾಗ ಬೇಲಿ ಹಿಡಿದುಕೊಂಡು ಜೊತೆಗೇ ಹೊರಟಳು. ಬೀಗ ಹಾಕಿದ ನಮ್ಮ ಶಾಲೆಯ ಗೇಟಿನವರೆಗೂ ಬಂದಳು.

"ನಾ ಬಂದ್ನಲ್ಲ ಅಕ್ಕೋರೆ. ಬರಾಕಾಗಲ್ಲ ಅಂತ ಯಾಕ್ ಬರ್ಕಂಡ್ರಿ?"