ಅಂಗಿಯೊಳಗಿನ ಮಡಿಕೆ

ನಾನೂ ಮಗಳೂ ಸಿಂಧನೂರಿನ ಬಸ್ ನಿಲ್ದಾಣ ತಲುಪಿದಾಗ ಬೆಳಗಿನ ಎಂಟು ಗಂಟೆ. ಲಿಂಗಸುಗೂರಿನಲ್ಲಿ ನಾನು ಓದಬೇಕಾಗಿದ್ದ ಕವಿಗೋಷ್ಠಿ ಇದ್ದದ್ದು ಸಂಜೆ ನಾಲ್ಕಕ್ಕೆ. ಎರಡು ತಾಸಿನೊಳಗೆ ಮುಗಿಯುವ ದಾರಿಗೆ ಯಾರೂ ಇಷ್ಟು ಮುಂಚೆ ಹೊರಡುವುದಿಲ್ಲ. ಆದರೆ ಬಸ್ಸು ಕೆಟ್ಟರೆ, ಟೈರು ಒಡೆದರೆ, ಮಸ್ಕಿ ಹಳ್ಳ ತುಂಬಿ ಬಂದರೆ ಎಂದು ನಾನು ಹಿಂದಿನ ದಿನವೇ ಯೋಚಿಸಿ ಇಟ್ಟಿದ್ದೆ. ತಿಂಗಳಿಂದ ಮಳೆಯೇ ಇಲ್ಲವಲ್ಲ ಎಂದು ಹೆಂಡತಿ ಆಕಾಶ ತೋರಿಸಿದಳು. ಅದಕ್ಕೇ ನನಗೆ ಹೆದರಿಕೆ, ಇಷ್ಟು ದಿನ ಬಾರದ್ದು ಇವತ್ತೇ ಬಂದರೆ ಎಂದೆ. ಅವಳು ಚೀಲಕ್ಕೆ ಕೊಡೆ ತುರುಕಿದಳು.

ತೊಟ್ಟದ್ದು ಅಪ್ಪ ಹೊಲಿದುಕೊಟ್ಟ ಕೊನೆಯ ಅಂಗಿ, ಬಿಳಿಯದು. ಅಪ್ಪ ಮಸ್ಕಿಯ ಬಜಾರಿನಲ್ಲಿ ಟೇಲರ್ ಆಗಿದ್ದರು; ತೀರಿಕೊಂಡು ಆರು ವರ್ಷವಾಯಿತು. ಆ ಅಂಗಿಯ ಪಕ್ಕದ ಹೊಲಿಗೆಗಳನ್ನು ಈಗಾಗಲೇ ಎರಡು ಸಲ ಬಿಚ್ಚಿಸಿದ್ದೇನೆ. ತಾಲ್ಲೂಕು ಕಚೇರಿಯ ಕುರ್ಚಿಯಲ್ಲಿ ಕುಳಿತು ಬರೆಯುವ ಕೆಲಸ ನನ್ನದು. ಕವಿತೆ ಬೆಳೆಯದಿದ್ದರೂ ಹೊಟ್ಟೆ ಬೆಳೆದಿದೆ.

ಈ ಪ್ರಯಾಣದಲ್ಲಿ ನಿಜವಾದ ಆತಂಕ ಬೇರೆಯೇ ಇತ್ತು. ಓದಬಹುದಾದ ಕವಿತೆ ನನ್ನ ಬಳಿ ಇರುವುದು ಒಂದೇ. ಅಪ್ಪ, ಅಪ್ಪನ ಅಪ್ಪ, ಅವರಿಂದ ನನಗೆ, ನನ್ನಿಂದ ಮಗಳಿಗೆ ಇಳಿದು ಬಂದ ಬೆರಳುಗಳ ಬಗ್ಗೆ ಅದು. ಅದರಲ್ಲಿ ಮಗಳು ಶಾಲೆಗೆ ಸೇರಿದ ಮೊದಲ ದಿನ ಗೇಟಿಗೆ ಜೋತುಬಿದ್ದು ಅಳುತ್ತಾಳೆ. ಹೋದ ವರ್ಷ ಕವಿತೆ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅವಳ ಟೀಚರು ಅದನ್ನು ತರಗತಿಯಲ್ಲಿ ಓದಿ ಹೇಳಿದರು. ಅಂದಿನಿಂದ ಹುಡುಗಿಯರ ಬಾಯಲ್ಲಿ ಸಂಘಮಿತ್ರಾ ಎಂಬ ಹೆಸರು ಹೋಗಿ ಅಳುಬುರುಕಿ ಆಯಿತು. ಈಗವಳು ಒಂಬತ್ತನೇ ತರಗತಿ. ಕವಿಗೋಷ್ಠಿಗೆ ಬರುತ್ತೇನೆಂದು ತಾನೇ ಹೇಳಿದಳು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದಳು: "ಆ ಪದ್ಯ ಓದಬೇಕೋ ಬ್ಯಾಡೋ, ನಾ ಲಿಂಗಸುಗೂರಿನ್ಯಾಗ ಹೇಳ್ತೀನಿ."

ಬಸ್ಸಿನಲ್ಲಿ ಕಿಟಕಿ ಅವಳಿಗೆ ಸಿಕ್ಕಿತು. ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡಿಲ್ಲ; ದುಡ್ಡು ಕೊಟ್ಟವನು ಎರಡು ಸೀಟಿನ ನಡುವಿನ ಕಂಬಿಗೆ ಮೊಣಕಾಲು ತಾಗಿಸಿಕೊಂಡು ಕುಳಿತೆ. ಗೊರೇಬಾಳದವರೆಗೂ ಎರಡೂ ಕಡೆ ಕಾಲುವೆ ನೀರಿನ ಭತ್ತ, ಹಣ್ಣಾಗಿ ಬಾಗಿತ್ತು. ಕೊಯ್ಯುವ ಯಂತ್ರವೊಂದು ರಸ್ತೆಯನ್ನೆಲ್ಲ ಹಿಡಿದುಕೊಂಡು ಹೋಗುತ್ತಿತ್ತು, ಅದರ ಹಿಂದೆ ನಮ್ಮ ಬಸ್ಸು ತೆವಳುತ್ತಿತ್ತು. ಎಂಟಕ್ಕೇ ಹೊರಟದ್ದು ಒಳ್ಳೆಯದಾಯಿತು ಎಂದೆ. ಮಗಳು ಹೊರಗೆ ನೋಡುತ್ತಲೇ ಹೇಳಿದಳು.

"ನಾ ಅವತ್ತು ಅತ್ತಿಲ್ಲಪ್ಪಾ. ನೀ ಅತ್ತಿದ್ದಿ. ಅವ್ವ ಇನ್ನೂ ಹೇಳಿ ನಗ್ತಾಳ."

ಕಾವ್ಯದಲ್ಲಿ ಅಷ್ಟಿಷ್ಟು ಅದಲುಬದಲು ಇರುತ್ತದೆ ಎಂದು ನಾನು ವಿವರಿಸಲು ಹೋದೆ. ಅನುಭವ, ಸತ್ಯ, ಕಲ್ಪನೆ ಎಂದೆಲ್ಲ ಹೇಳಿದೆ. ಮುಂದಿನ ಸೀಟಿನಲ್ಲಿ ಕೋಳಿ ಹಿಡಿದು ಕುಳಿತಿದ್ದ ಹೆಂಗಸು ತಿರುಗಿ ನನ್ನನ್ನೊಮ್ಮೆ ನೋಡಿ, ಕೋಳಿಯನ್ನು ಆ ಕಡೆ ತೊಡೆಗೆ ಸರಿಸಿಕೊಂಡಳು. ಅಲ್ಲಿಗೆ ನಿಲ್ಲಿಸಿದೆ.

ಮಸ್ಕಿಯಲ್ಲಿ ಇಳಿದು ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದೆವು. ಎಣ್ಣೆ ಹಳೆಯದಿರಬಹುದೆಂದು ನಾನು ಒಂದೇ ಮಿರ್ಚಿಗೆ ನಿಲ್ಲಿಸಿದೆ, ಮಗಳು ನಾಲ್ಕು ತಿಂದಳು. ಆಮೇಲೆ ಅಪ್ಪನ ಅಂಗಡಿ ಇದ್ದ ಜಾಗಕ್ಕೆ ಹೋದೆವು. ಈಗ ಅಲ್ಲಿ ಮೊಬೈಲ್ ಕವರುಗಳು ತೂಗುತ್ತಿವೆ. ಹಿಂದೆ ಅದೇ ಮೊಳೆಗಳಿಗೆ ಲಂಗ, ಚಡ್ಡಿ, ಅಂಗಿಗಳು ತೂಗುತ್ತಿದ್ದವು. ಮಕ್ಕಳ ಬಟ್ಟೆ ಹೊಲಿಯುವಾಗ ಅಪ್ಪ ಅಂಚಿನೊಳಗೆ ಎರಡು ಮೂರು ಮಡಿಕೆ ಬಟ್ಟೆ ಬಿಟ್ಟೇ ಹೊಲಿಯುತ್ತಿದ್ದರು. ಮಗು ಬೆಳೆದ ಹಾಗೆ ತಾಯಂದಿರು ಬಂದು ಒಂದೊಂದೇ ಮಡಿಕೆ ಬಿಚ್ಚಿಸಿಕೊಂಡು ಹೋಗುತ್ತಿದ್ದರು. ಬಿಚ್ಚಿದಲ್ಲಿ ಹೊಸ ಬಟ್ಟೆಯ ಬಣ್ಣದ ಪಟ್ಟಿಯೊಂದು ಕಾಣುತ್ತಿತ್ತು. ಮಸ್ಕಿಯ ಬೀದಿಯಲ್ಲಿ ಒಂದು ಮಗುವಿನ ಲಂಗ ನೋಡಿ ಅದು ಎಷ್ಟು ಬೆಳೆದಿದೆ ಎಂದು ಹೇಳಬಹುದಾಗಿತ್ತು. ನನ್ನ ಮಗಳು ಹುಟ್ಟಿದಾಗ, ಇಲ್ಲಿನ ಬಂಡೆಯ ಮೇಲೆ ಹೆಸರು ಬರೆಸಿದ ಅಶೋಕ ರಾಜನಿಗೂ ಮಗಳಿದ್ದಳಲ್ಲ ಎಂದು ಅಪ್ಪ ಅವಳ ಹೆಸರನ್ನೇ ಇಟ್ಟರು. ಜೊತೆಗೆ ಹತ್ತು ವರ್ಷದವರೆಗೂ ಸಾಲುವಂಥ ಫ್ರಾಕು ಹೊಲಿದರು. ಅದರಲ್ಲಿ ಅವಳು ಮೊದಲ ಎರಡು ವರ್ಷ ಕಾಣುತ್ತಲೇ ಇರಲಿಲ್ಲ.

ಅಂಗಡಿಯ ಹುಸೇನಸಾಬರು ನಮ್ಮನ್ನು ಗಿರಾಕಿ ಎಂದುಕೊಂಡು ಎದ್ದರು. ವಿಷಯ ಹೇಳಿದ ಮೇಲೆ ಇನ್ನೂ ಆದರದಿಂದ ಕೂರಿಸಿದರು.

"ನೆಲದ ಕಲ್ಲಿನ ಸಂದಿನ್ಯಾಗ ಈಗ್ಲೂ ಸೂಜಿ ಸಿಗ್ತಾವ್ರಿ," ಎಂದರು. "ಬರಿಗಾಲಿಲೆ ಬಂದ ಗಿರಾಕಿಗೆ ನಿಮ್ಮ ಅಪ್ಪಾರ ನೆನಪು ಆಗೇ ಆಗ್ತದ."

ಅಲ್ಲಿಂದ ನಾನು ಕಾಲು ನೋಡಿಕೊಂಡೇ ಹೊರಬಂದೆ.

ಸಂತೆಕಲ್ಲೂರಿಗೆ ಶೇರ್ ಆಟೊ ಹಿಡಿದೆವು. ಕಾಲುವೆ ನೀರು ಹಿಂದೆ ಉಳಿದು ಎರೆ ನೆಲ ಶುರುವಾಯಿತು. ತೊಗರಿ ಹೂವಾಡಿತ್ತು, ಹಿಂಗಾರಿ ಜೋಳ ಮೊಣಕಾಲೆತ್ತರ ನಿಂತಿತ್ತು. ಆ ಊರಿನಲ್ಲಿ ಅಪ್ಪನ ಅಕ್ಕ ದುರ್ಗಮ್ಮತ್ತೆ ತನ್ನ ಮಗ ಸೊಸೆಯರೊಂದಿಗೆ ಇದ್ದಾಳೆ. ನಾವು ಹೋದಾಗ ಮಗ ಸೊಸೆ ಹೊಲದಲ್ಲಿದ್ದರು, ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಪುಂಡಿಪಲ್ಲೆ, ಶೇಂಗಾ ಚಟ್ನಿ, ಮೊಸರು ಬಡಿಸಿ ನನ್ನ ಹೊಟ್ಟೆ ನೋಡಿದಳು. ಆಮೇಲೆ ಇನ್ನೊಂದು ರೊಟ್ಟಿ ಹಾಕಿದಳು. ಲಿಂಗಸುಗೂರಿಗೆ ಯಾಕೆ ಹೊರಟಿದ್ದೀರಿ ಎಂದು ಕೇಳಿದಳು. ಅಪ್ಪ ಪದ್ಯ ಓದುತ್ತಾನೆ, ಅದರಲ್ಲಿ ನಾನಿದ್ದೇನೆ ಎಂದಳು ಮಗಳು.

"ಹಂಗಾರ ಇದು ನಿಮ್ಮ ಮನಿತನದ ಚಾಳಿ ಬಿಡು," ಎಂದು ಅತ್ತೆ ನಕ್ಕಳು. "ನಿಮ್ಮಜ್ಜನೂ ಇವನ ಮ್ಯಾಲೆ ಒಂದು ಪದ ಕಟ್ಟಿದ್ದ."

ನನಗದು ಗೊತ್ತೇ ಇರಲಿಲ್ಲ. ಕೂಸಾಗಿದ್ದಾಗ ನನ್ನನ್ನು ಮಲಗಿಸುತ್ತಿದ್ದ ಜೋಳಿಗೆಯನ್ನು ಅಂಗಡಿಯ ತೊಲೆಗೆ ಕಟ್ಟಿರುತ್ತಿದ್ದರಂತೆ. ಅಪ್ಪನ ಒಂದು ಕಾಲು ಮಿಷನ್ನಿನ ಮೇಲೆ, ಇನ್ನೊಂದರ ಹೆಬ್ಬೆರಳಿಗೆ ಜೋಳಿಗೆಯ ಹಗ್ಗ. ಮಿಷನ್ನಿನ ಸದ್ದಿಗೆ ಹೊಂದಿಸಿ ಹಾಡುತ್ತಿದ್ದರಂತೆ. ಮಗಳು ಊಟ ಬಿಟ್ಟು ಅತ್ತೆಯ ಪಕ್ಕಕ್ಕೆ ಸರಿದಳು, ಹಾಡಬೇಕೆಂದು ಹಟ ಹಿಡಿದಳು. ಅತ್ತೆ ಹಿಟ್ಟಿನ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಹಾಡ್ಲೇನು ತಮ್ಮಾ? ನೀ ಹೂಂ ಅಂದ್ರ ಹಾಡ್ತೀನಿ."

ನನ್ನನ್ನು ಯಾಕೆ ಕೇಳಬೇಕು ಎಂದೆ.

"ಪದ ಯಾರ ಮ್ಯಾಲೈತಿ ಅವರನ್ನ ಕೇಳೇ ಹಾಡೂದು ನಮ್ಮನಿ ರೂಢಿ. ತೊಟ್ಟಿಲದಾಗಿನ ಕೂಸಿನ ಮುಂದ ಕೇಳದಿದ್ರೂ ನಡೀತದ, ತಿಳುವಳಿಕಿ ಬಂದಮ್ಯಾಲ ನಡ್ಯಂಗಿಲ್ಲ. ನಿಮ್ಮಪ್ಪ ನಿನ್ನ ಕೇಳತಿದ್ದ. ಸಾಲಿಗೆ ಹೋಗೂ ಹುಡುಗ ನೀ, ಒಂದಿನ ಗೆಳ್ಯಾರ ಮುಂದ ಬ್ಯಾಡ ಅಂದಿ. ಅಂವ ಮತ್ತ ಹಾಡ್ಲೇ ಇಲ್ಲ."

ಬೇಡ ಎಂದದ್ದು ನನಗೆ ನೆನಪಿಲ್ಲ. ಅಪ್ಪ ಮಿಷನ್ನು ತುಳಿಯುತ್ತ ಬಾಯಿ ಮುಚ್ಚಿಕೊಂಡು ಏನನ್ನೋ ಗುಂಯ್‌ಗುಟ್ಟುತ್ತಿದ್ದದ್ದು ಮಾತ್ರ ನೆನಪಿದೆ. ಬಾಯಿಯಲ್ಲಿ ಸೂಜಿ ಕಚ್ಚಿಕೊಂಡಿದ್ದಾರೆ, ಅದಕ್ಕೇ ಶಬ್ದ ಹೊರಡುವುದಿಲ್ಲ ಎಂದುಕೊಂಡಿದ್ದೆ. ಮಗಳು ನನ್ನನ್ನೇ ನೋಡುತ್ತಿದ್ದಳು. ಹೂಂ ಎಂದೆ.

ಅತ್ತೆ ಕಣ್ಣು ಮುಚ್ಚಿ ಹಾಡಿದಳು:

ಆಡ ಕಂಡರ ಅಳತಾನ ಅಂಜುಬುರುಕ ನನ ಕಂದ
ಅಂಗ್ಯಾಗ ಮಡಿಕಿ ಬಿಟ್ಟೀನಿ, ನನ ಮಗನ
ಧೈರ್ಯ ಬೆಳದಂಗ ಬಿಚ್ಚೇನ

ಮಗಳು ಆಡು ಎಂಬಲ್ಲಿಗೇ ನಗಲು ಶುರುಮಾಡಿದ್ದಳು. ಹಾಡು ಮುಗಿದಾಗ ನಗುತ್ತಿರಲಿಲ್ಲ. ಅತ್ತೆಗೆ ಇನ್ನೊಮ್ಮೆ ಹಾಡು ಎಂದಳು, ಮತ್ತೆ ನೆನಪಾದವಳಂತೆ ನನ್ನ ಕಡೆ ನೋಡಿದಳು. ನಾನು ಇನ್ನೊಮ್ಮೆ ಹೂಂ ಎಂದೆ. ಹೊರಗೆ ಕಟ್ಟಿದ್ದ ಅತ್ತೆಯ ಆಡು ಅದೇ ಹೊತ್ತಿಗೆ ಒದರಿತು, ನಾನು ಬೆಚ್ಚಿದೆ. ನಾನು ಬೆಚ್ಚಿದ್ದನ್ನು ಇಬ್ಬರೂ ನೋಡಿದರು.

ಲಿಂಗಸುಗೂರನ್ನು ನಾವು ಗೋಷ್ಠಿಯ ಹೊತ್ತಿಗಿಂತ ಮುಂಚೆಯೇ ಮುಟ್ಟಿದೆವು. ಸಭಾಂಗಣದ ಬೀಗ ತೆಗೆದದ್ದೇ ನಮ್ಮ ಎದುರಿಗೆ. ಕೇಳುವವರಲ್ಲಿ ಬಹುಪಾಲು ಜನ ಓದುವವರೇ. ತಮ್ಮದು ಮುಗಿಸಿದವರು ಚಹಾಕ್ಕೆ ಹೋಗುತ್ತಿದ್ದರು. ನನ್ನ ಸರದಿ ಹತ್ತಿರವಾಯಿತು. ಪಕ್ಕದಲ್ಲಿ ಮಗಳು ಮುಂದಿನ ಕುರ್ಚಿಗೆ ಕಾಲು ಕೊಟ್ಟು ಕುಳಿತಿದ್ದಳು. ನಿರೂಪಕರು ನನ್ನ ಹೆಸರು ಕರೆದರು. ನಾನು ಎದ್ದು ನಿಂತೆ, ಆದರೆ ವೇದಿಕೆಗೆ ಹೋಗಲಿಲ್ಲ. ಅವಳ ಕಡೆ ಬಗ್ಗಿದೆ.

"ಓದ್ಲೇನವ್ವಾ?"

ಅವಳು ಅವಸರ ಮಾಡಲಿಲ್ಲ. ನಿರೂಪಕರು ಎರಡನೇ ಸಲ ಕರೆದರು.

"ಮೊದ್ಲು ಅಜ್ಜಂದು ಹೇಳು," ಎಂದಳು. "ಆಮ್ಯಾಲೆ ನಂದು. ಆದ್ರ ಅವತ್ತು ನಡದದ್ದು ನಡದಂಗ ಓದು."

ಮೈಕಿನ ಮುಂದೆ ನಿಂತು ಅಪ್ಪನ ಮೂರು ಸಾಲು ಹೇಳಿದೆ. ರಾಗ ಬರಲಿಲ್ಲ, ಬರೀ ಮಾತಿನಲ್ಲಿ ಹೇಳಿದೆ. ಜನ ನಕ್ಕರು. ಆಮೇಲೆ ನನ್ನ ಕವಿತೆ ಓದಿದೆ. ಗೇಟಿನ ಸಾಲು ಬಂದಾಗ ಕಾಗದ ಬಿಟ್ಟು ತಲೆಯೆತ್ತಿದೆ. ಅವತ್ತು ಮಗಳು ಶಾಲೆಯೊಳಗೆ ಹೋದಳು, ತಿರುಗಿ ನೋಡಲಿಲ್ಲ; ಗೇಟು ಹಿಡಿದು ಅಳುತ್ತ ನಿಂತವನು ನಾನು ಎಂದೆ. ಅದು ಕವಿತೆಯ ಸಾಲಿನ ಹಾಗೆ ಕೇಳಿಸಲೇ ಇಲ್ಲ. ಹಿಂದಿನಿಂದ ಯಾರೋ ಒಬ್ಬರು, "ನಾನೂ ಅತ್ತೀನ್ರಿ," ಎಂದರು. ಚಹಾಕ್ಕೆ ಎದ್ದಿದ್ದ ಇಬ್ಬರು ಮತ್ತೆ ಕುಳಿತರು. ಮಗಳು ಮುಂದಿನ ಕುರ್ಚಿಯಿಂದ ಕಾಲು ತೆಗೆದು ನೆಟ್ಟಗೆ ಕುಳಿತಿದ್ದಳು.

ವಾಪಸು ಬಸ್ಸಿನಲ್ಲಿ ಸೀಟು ಸುಲಭವಾಗಿ ಸಿಕ್ಕಿತು. ಹೊತ್ತು ಮುಳುಗುತ್ತಿತ್ತು. ಡ್ರೈವರು ಮೊಬೈಲಿನಲ್ಲಿ ಮಾತಾಡುತ್ತಾನೋ ಎಂದು ನಾನು ಕತ್ತು ಉದ್ದ ಮಾಡಿ ನೋಡುತ್ತಿದ್ದೆ. ಮಗಳು ಕಿಟಕಿಗೆ ಒರಗಿ ಅಜ್ಜನ ಪದವನ್ನು ರಾಗ ಹಚ್ಚಿ ಗುನುಗುತ್ತಿದ್ದಳು, ಅದಕ್ಕೂ ಮುಂಚೆ ನನ್ನನ್ನು ಕೇಳಿಯೇ ಶುರುಮಾಡಿದ್ದಳು. ಮಸ್ಕಿ ಬಂತು. ಬಜಾರಿನ ದೀಪಗಳಲ್ಲಿ ಆ ಅಂಗಡಿ ಯಾವುದೆಂದು ಹುಡುಕುವಷ್ಟರಲ್ಲಿ ಬಸ್ಸು ತಿರುಗಿತು. ನಾನು ಇನ್ನೂ ಹಿಂದಕ್ಕೇ ನೋಡುತ್ತಿದ್ದಾಗ ಅವಳು ನನ್ನ ಅಂಗಿಯ ಪಕ್ಕದ ಹೊಲಿಗೆಯನ್ನು ಎರಡು ಬೆರಳಿನಲ್ಲಿ ಹಿಡಿದು, ಒಳಗೆ ತಡವಿ ನೋಡಿದಳು.

"ಅಪ್ಪಾ, ಇದ್ರಾಗ ಅಜ್ಜ ಬಿಟ್ಟಿದ್ದು ಇನ್ನೊಂದು ಮಡಿಕಿ ಐತಿ ನೋಡು."